‘ಗೂಂಡಾ’ ಎಂಬ ಮಾತಿನ ತೂಕ

ತಿಂಗಳಿಗೊಂದರಂತೆ ನಮ್ಮ ದಿನಬಳಕೆಯ ಮಾತುಗಳನ್ನು ಕುರಿತು ಈ ಪುಟದಲ್ಲಿ ವಿಚಾರಮಾಡುತ್ತ ಬಂದಿರುವ ನಾವು, ಈ ಸಲ ಕಿವಿಗೆ ಅಷ್ಟೇನೂ ಇಂಪಲ್ಲದ ಒಂದು ಪದವನ್ನು ಕೈಗೆತ್ತಿಕೊಂಡಿದ್ದೇವೆ. ಅದು ‘ಗೂಂಡಾ’ ಎಂಬುದು. ಗೃಹಸ್ಥರ ಮನೆಯಲ್ಲಿ ಓದತಕ್ಕ ಪತ್ರಿಕೆಗೆ ಇಂತಹ ಪದದ ವಿಚಾರವು ತಕ್ಕುದೇ ಎಂದು ಕೆಲವರು ವಾಚಕರು ಸಂದೇಹಪಡಬಹುದು. ಆದರೆ ನಾವು ಬೇಡವೆಂದ ಮಾತ್ರಕ್ಕೆ ಅದು ಹೊರಗೆ ನಿಲ್ಲತಕ್ಕ ಪದವಲ್ಲ. ಬೆಳಗಾದರೆ ವರ್ತಮಾನಪತ್ರಿಕೆಯೊಡನೆ ಮನೆಯೊಳಕ್ಕೆ ಬರುತ್ತದೆ. ಸಂಜೆಯಾದರೆ ವಾರ್ತೆ ಓದುವವರ ಬಾಯಿಂದ ಕೇಳಬರುತ್ತದೆ. ನೆರೆಮನೆಯವರ ಜಗಳದಲ್ಲಿ, ಚುನಾವಣೆಯ ಭಾಷಣದಲ್ಲಿ, ಕಡೆಗೆ ಮಗನ ಮೇಲೆ ಸಿಟ್ಟಾದ ತಂದೆಯ ಗದರಿಕೆಯಲ್ಲಿಯೂ ತಲೆಯೆತ್ತುತ್ತದೆ. ಇಷ್ಟು ಕಡೆಗಳಲ್ಲಿ ಓಡಾಡುವ ಮಾತಿನ ಅರ್ಥವೇನು, ಅದನ್ನು ಎಲ್ಲಿ ಆಡಬೇಕು, ಎಲ್ಲಿ ಆಡಬಾರದು ಎಂಬುದನ್ನು ತಿಳಿದುಕೊಳ್ಳುವುದು ವಿಹಿತವೆಂದು ನಮಗೆ ತೋರುತ್ತದೆ.

ಮೊದಲನೆಯದಾಗಿ, ಈ ಪದವು ಕನ್ನಡದ ಮನೆಯಲ್ಲಿ ಹುಟ್ಟಿದುದಲ್ಲ. ಹಿಂದಿ, ಉರ್ದು, ಬಂಗಾಳಿ, ಮರಾಠಿಗಳಲ್ಲೆಲ್ಲ ಇದು ಸ್ವಲ್ಪ ಸ್ವಲ್ಪ ಉಚ್ಚಾರಭೇದದಿಂದ ಬಳಕೆಯಲ್ಲಿದೆ. ಉತ್ತರದ ಕಡೆಯಿಂದಲೇ ನಮ್ಮಲ್ಲಿಗೆ ಬಂದುದು. ನಮ್ಮ ‘ಗುಂಡ’ನಿಗೂ ಈ ‘ಗೂಂಡಾ’ನಿಗೂ ಯಾವ ನಂಟೂ ಇಲ್ಲ. ಗುಂಡಗೆ ಮೈತುಂಬಿಕೊಂಡ ಮಗುವನ್ನು ‘ಗುಂಡ’ ಎಂದು ಮುದ್ದಿನಿಂದ ಕರೆಯುತ್ತೇವೆ. ಗುಂಡಪ್ಪ, ಗುಂಡಣ್ಣ, ಗುಂಡಮ್ಮ ಎಂಬ ಹೆಸರುಗಳು ನಮ್ಮ ಎಷ್ಟೋ ಮನೆಗಳಲ್ಲಿ ಗೌರವದಿಂದ ಬಾಳಿವೆ. ಅಲ್ಲಿರುವುದು ದುಂಡು ಎಂಬ ಅರ್ಥದ ಕನ್ನಡದ ‘ಗುಂಡು’. ಇನ್ನು ಇಂಗ್ಲಿಷಿನಲ್ಲಿ ‘ಗೂನ್’ ಎಂಬುದೊಂದು ಪದವಿದ್ದು, ಅದಕ್ಕೂ ಬಾಡಿಗೆಯ ದಾಂಡಿಗನೆಂಬ ಅರ್ಥವುಂಟಷ್ಟೆ. ಧ್ವನಿಯೂ ಅರ್ಥವೂ ಒಂದನ್ನೊಂದು ಹೋಲುವುದರಿಂದ ಎರಡೂ ಒಂದೇ ಬುಡದವೆಂದು ಅನೇಕರು ನಂಬಿದ್ದಾರೆ. ಆದರೆ ಆ ಪದವು ಬಳಕೆಗೆ ಬಂದುದು ಅಮೆರಿಕದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ. ಅಲ್ಲಿನ ಚಿತ್ರಕಥೆಗಳಿಂದ ಅದಕ್ಕೆ ಪ್ರಚಾರ ದೊರೆಯಿತು. ಹೋಲಿಕೆಯು ಆಕಸ್ಮಿಕವಾದುದು.

ಹೊರಗಿನಿಂದ ಬಂದ ಪದಕ್ಕೆ ನಮ್ಮವರು ಬೇಗನೆ ಸಂಸಾರ ಕಟ್ಟಿಕೊಟ್ಟಿದ್ದಾರೆ. ‘ಗಿರಿ’ ಎಂಬ ಪಾರಸಿ ಪ್ರತ್ಯಯವನ್ನು ಅಂಟಿಸಿ ‘ಗೂಂಡಾಗಿರಿ’ ಎನ್ನುತ್ತೇವೆ. ಸಂಸ್ಕೃತ ಪದದೊಡನೆ ಕೂಡಿಸಿ ‘ಗೂಂಡಾವರ್ತನೆ’ ಎನ್ನುತ್ತೇವೆ. ವಿಚಾರಿಸಿ ನೋಡಿದರೆ ಈ ಎರಡು ಪದಗಳಿಗೂ ಮೂಲಪದಕ್ಕೂ ಒಂದು ದೊಡ್ಡ ಅಂತರವಿದೆ. ‘ಗೂಂಡಾವರ್ತನೆ’ ಎಂಬುದು ಒಬ್ಬನು ಮಾಡಿದ ಕೆಲಸದ ಹೆಸರು. ‘ಗೂಂಡಾ’ ಎಂಬುದು ಆ ಮನುಷ್ಯನ ಹೆಸರು. ಕೆಲಸವು ಮುಗಿಯುತ್ತದೆ, ಅದಕ್ಕೆ ಸಾಕ್ಷಿ ಬೇಕು, ತೀರ್ಪು ಬೇಕು, ದಂಡವಾದ ಮೇಲೆ ಅದರ ಲೆಕ್ಕ ತೀರುತ್ತದೆ. ಮನುಷ್ಯನಿಗೆ ಅಂಟಿದ ಹೆಸರಾದರೋ ಮುಗಿಯುವುದಿಲ್ಲ. ಅವನು ಸುಮ್ಮನೆ ಕುಳಿತಿದ್ದರೂ ಗೂಂಡಾ, ಮಲಗಿದ್ದರೂ ಗೂಂಡಾ. ಈ ಅಂತರವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ. ಮುಂದೆ ನಾವು ಹೇಳತಕ್ಕುದೆಲ್ಲ ಇದನ್ನೇ ಅವಲಂಬಿಸಿದೆ.

ತೊಂದರೆ ಕೊಡುವವರನ್ನು ಕರೆಯುವುದಕ್ಕೆ ಕನ್ನಡದಲ್ಲಿ ಪದಗಳಿಗೆ ಬಡತನವಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಅವನ್ನು ಜೋಡಿಸಿಡಬಹುದು. ಎಲ್ಲಕ್ಕಿಂತ ಕೆಳಗೆ ‘ತುಂಟ’ನಿದ್ದಾನೆ. ಬೆಣ್ಣೆ ಕದ್ದ ಬಾಲಕೃಷ್ಣನೂ ತುಂಟನೇ. ಈ ಮಾತಿನಲ್ಲಿ ಬೈಗುಳಕ್ಕಿಂತ ಮಮತೆಯೇ ಹೆಚ್ಚು. ಮೇಲಿನ ಮೆಟ್ಟಿಲಲ್ಲಿ ‘ತರಲೆ’. ಕೆಲಸಕ್ಕೆ ಬಾರದ ಮಾತಿನಿಂದ ಬೇಸರ ಹುಟ್ಟಿಸುವವನು. ಅವನ ಪಕ್ಕದಲ್ಲಿ ‘ಜಗಳಗಂಟ’ನೂ ‘ತಂಟೆಕೋರ’ನೂ ನಿಂತಿದ್ದಾರೆ. ತಂಟೆಕೋರನಲ್ಲಿರುವ ‘ಕೋರ’ ಎಂಬುದು ತಿನ್ನುವವನು ಎಂಬ ಅರ್ಥದ ಪಾರಸಿ ಮಾತಿನಿಂದ ಬಂದುದು. ಲಂಚಕೋರನು ಲಂಚ ತಿನ್ನುವಂತೆ, ಚಾಡಿಕೋರನಿಗೆ ಚಾಡಿಯೇ ಆಹಾರವಾಗಿರುವಂತೆ, ತಂಟೆಕೋರನಿಗೆ ತಂಟೆಯಿಲ್ಲದೆ ಹೊಟ್ಟೆ ತುಂಬುವುದಿಲ್ಲವೆಂದು ತಾತ್ಪರ್ಯ. ಆಮೇಲೆ ಬರತಕ್ಕವನು ‘ಪೋಕರಿ’. ಹಿರಿಯರ ಅಂಕೆಯಿಲ್ಲದೆ ಬೀದಿ ತಿರುಗುವವನು. ಕತ್ತಲಲ್ಲಿ ಹಾನಿಮಾಡಿ ಮುಖ ತೋರದೆ ಓಡುವವನನ್ನು ಪತ್ರಿಕೆಗಳು ‘ಕಿಡಿಗೇಡಿ’ ಎನ್ನುತ್ತವೆ. ಮಾಡಿದವನು ಯಾರೆಂಬುದು ತಿಳಿಯದಿರುವಾಗಲೇ ಈ ಪದಕ್ಕೆ ಹೆಚ್ಚು ಬೇಡಿಕೆ. ಇವರೆಲ್ಲರಿಗಿಂತ ಮೇಲೆ ‘ಪುಂಡ’ನಿದ್ದಾನೆ. ಇವನಿಗೆ ಮೈಯಲ್ಲಿ ಬಲವೂ ಉಂಟು, ಅದನ್ನು ತೋರಿಸುವ ಚಪಲವೂ ಉಂಟು. ಕೊಡಗು, ಹಾಸನದ ಕಡೆ ತೋಟಗದ್ದೆಗಳಿಗೆ ನುಗ್ಗಿ ಜನರ ಮೇಲೆ ಬೀಳುವ ಕಾಡಾನೆಯನ್ನು ‘ಪುಂಡಾನೆ’ ಎನ್ನುವುದನ್ನು ವಾಚಕರು ಕೇಳಿರಬಹುದು.

ಈ ಪದಗಳಲ್ಲಿ ಬಹುಪಾಲು ಮಾಡುವ ಕೆಲಸವನ್ನು ತೋರಿಸುತ್ತವೆ. ತಂಟೆ ಬಿಟ್ಟರೆ ತಂಟೆಕೋರನಲ್ಲ, ತುಂಟಾಟ ಬಿಟ್ಟರೆ ತುಂಟನಲ್ಲ. ಆದರೆ ಇದೇ ಗುಂಪಿನ ಇನ್ನೊಂದು ಹಳೆಯ ಪದದ ಚರಿತ್ರೆಯನ್ನು ನೋಡಿದರೆ, ಕೆಲಸವನ್ನು ಹೇಳುತ್ತಿದ್ದ ಮಾತು ಮನುಷ್ಯನಿಗೆ ಅಂಟಿಕೊಂಡಾಗ ಏನಾಗುತ್ತದೆಂಬುದು ವಿಶದವಾಗುವುದು. ಆ ಪದವು ‘ಠಕ್ಕ’.

ಮರೆಮಾಡು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಹುಟ್ಟಿ, ಪ್ರಾಕೃತದ ದಾರಿಯಲ್ಲಿ ನಡೆದು ಬಂದ ಈ ಮಾತು ಕನ್ನಡದಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ನಮಗೆ ಠಕ್ಕನೆಂದರೆ ಮೋಸಗಾರ; ಮಕ್ಕಳ ಕಥೆಯ ನರಿಯು ಠಕ್ಕ. ಆದರೆ ಇದೇ ಪದವು ಹಿಂದಿಯ ‘ಠಗ್’ ಎಂಬ ರೂಪದಿಂದ ಇಂಗ್ಲಿಷಿಗೆ ಹೋಗಿ ‘ಥಗ್’ ಆಗಿ, ಅಲ್ಲಿ ಮೋಸದ ಅರ್ಥವನ್ನು ಪೂರ್ಣವಾಗಿ ಕಳೆದುಕೊಂಡು, ಹೊಡೆದು ಬಡಿಯುವ ಕ್ರೂರಿ ಎಂಬ ಅರ್ಥವನ್ನು ಪಡೆಯಿತು. ಈ ಮಾರ್ಪಾಡಿನ ಕಥೆಯಲ್ಲಿ ನಮ್ಮ ನಾಡಿಗೂ ಪಾಲಿದೆ.

1799ರಲ್ಲಿ ಶ್ರೀರಂಗಪಟ್ಟಣವು ಇಂಗ್ಲಿಷರ ಕೈವಶವಾದ ಸ್ವಲ್ಪ ಕಾಲದಲ್ಲಿ, ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಮಂದಿಯನ್ನು ಹಿಡಿದರು. ದಾರಿಹೋಕರೊಡನೆ ಸ್ನೇಹ ಬೆಳೆಸಿ, ನಂಬಿಕೆ ಗಳಿಸಿ, ನಿರ್ಜನಪ್ರದೇಶದಲ್ಲಿ ಕುತ್ತಿಗೆಗೆ ಉರುಳು ಹಾಕಿ ಕೊಂದು ದೋಚುವವರೆಂಬುದು ಅವರ ಮೇಲಿನ ಆರೋಪ. 1816ರಲ್ಲಿ ಮದರಾಸಿನ ಶೆರ್ವುಡ್ ಎಂಬ ವೈದ್ಯನು ಇಂತಹವರನ್ನು ಕುರಿತು ಬರೆದ ಲೇಖನದಲ್ಲಿ, ದಕ್ಷಿಣದ ಭಾಷೆಗಳಲ್ಲಿ ಅವರಿಗಿದ್ದ ಹೆಸರುಗಳನ್ನು ಕೊಟ್ಟಿದ್ದಾನೆ. ಕನ್ನಡದವರು ಅವರನ್ನು ‘ತಂತಿ ಕಳ್ಳರು’ ಎನ್ನುತ್ತಿದ್ದರಂತೆ. ಈ ಹೆಸರು ಎಷ್ಟು ಕರಾರುವಾಕ್ಕಾಗಿದೆ ನೋಡಬೇಕು! ಅವರು ಏನು ಮಾಡುತ್ತಾರೆ? ಕಳವು. ಯಾವುದರಿಂದ? ತಂತಿಯಿಂದ. ಇಷ್ಟನ್ನು ಹೇಳಿ ಕನ್ನಡಿಗರ ಮಾತು ಸುಮ್ಮನಾಯಿತು. ಅವರು ಯಾವ ಜಾತಿ, ಯಾವ ವಂಶ, ಅವರ ಮಕ್ಕಳು ಮುಂದೆ ಏನಾಗುವರು ಎಂಬ ಭವಿಷ್ಯವನ್ನು ಆ ಹೆಸರು ನುಡಿಯಲಿಲ್ಲ.

ಆದರೆ ಸರ್ಕಾರದ ಕಡತದಲ್ಲಿ ನಿಂತುದು ಈ ಹೆಸರಲ್ಲ. ವಿಲಿಯಂ ಸ್ಲೀಮನ್ ಎಂಬ ಅಧಿಕಾರಿಯು ಮಧ್ಯ ಹಿಂದೂಸ್ಥಾನದಲ್ಲಿ ಠಕ್ಕರನ್ನು ಹಿಡಿಯುವ ಕಾರ್ಯವನ್ನು ಕೈಗೊಂಡು, ಸಿಕ್ಕಿಬಿದ್ದವರಲ್ಲಿ ಕೆಲವರನ್ನು ಮಾಫಿಸಾಕ್ಷಿಗಳನ್ನಾಗಿ ಮಾಡಿ, ಅವರ ಹೇಳಿಕೆಗಳ ಆಧಾರದಿಂದ ಉಳಿದವರನ್ನು ಗುರುತಿಸಿದನು. ಅವರ ಗುಟ್ಟಿನ ಮಾತುಗಳದೇ ಒಂದು ಕೋಶವನ್ನು ಸಿದ್ಧಪಡಿಸಿ 1836ರಲ್ಲಿ ಅಚ್ಚುಹಾಕಿಸಿದನು. ಅದೇ 1836ರಲ್ಲಿ ಕಂಪೆನಿ ಸರ್ಕಾರವು ಒಂದು ಶಾಸನವನ್ನು ಮಾಡಿತು. ಶಾಸನವು ಬರುವುದಕ್ಕೆ ಮುಂಚೆಯಾಗಲಿ ಆಮೇಲಾಗಲಿ, ಯಾವನಾದರೂ ಠಕ್ಕರ ಗುಂಪಿಗೆ ಸೇರಿದ್ದನೆಂದು ರುಜುವಾತಾದರೆ ಸಾಕು, ಅವನಿಗೆ ಜೀವಾವಧಿ ಕಠಿಣ ಸಜೆ. ಯಾರನ್ನು ಕೊಂದನು, ಯಾವಾಗ ಕೊಂದನು, ಏನನ್ನು ದೋಚಿದನು ಎಂಬುದನ್ನು ಸಿದ್ಧಪಡಿಸಬೇಕಾದ ಅವಶ್ಯಕತೆಯಿರಲಿಲ್ಲ. ಠಕ್ಕನೆಂದರೆ ಯಾರು ಎಂಬ ವಿವರಣೆಯನ್ನು ಸಹ ಆ ಶಾಸನವು ಕೊಟ್ಟಿರಲಿಲ್ಲ. ಹೆಸರು ಅಂಟಿದರೆ ದಂಡನೆಯು ತಾನಾಗಿ ಹಿಂದೆ ಬರುತ್ತಿತ್ತು.

1839ರಲ್ಲಿ ಮೆಡೋಸ್ ಟೇಲರ್ ಎಂಬಾತನು ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದಲ್ಲಿ ಒಂದು ಕಾದಂಬರಿಯನ್ನು ಬರೆದು ಪ್ರಕಟಿಸಿದನು. ನಿಜಾಮನ ಸೇವೆಯಲ್ಲಿದ್ದ ಈತನು ಅನಂತರ ನಮ್ಮ ಸುರಪುರದ ಸಂಸ್ಥಾನದಲ್ಲಿ ಹಲವು ವರ್ಷಗಳ ಕಾಲ ಅಧಿಕಾರಿಯಾಗಿದ್ದನು. ಅವನ ಬಂಗಲೆಯನ್ನು ಅಲ್ಲಿನ ಜನರು ಇಂದಿಗೂ ಟೇಲರ್ ಮಂಜಿಲ್ ಎನ್ನುತ್ತಾರೆ. ಆ ಪುಸ್ತಕವು ಇಂಗ್ಲೆಂಡಿನಲ್ಲಿ ಬಹಳ ಪ್ರಚಾರ ಪಡೆಯಿತು. ಹೀಗೆ ಕಾನೂನಿನಿಂದ ಅರ್ಧ, ಕಾದಂಬರಿಯಿಂದ ಅರ್ಧ, ಈ ಪದವು ಇಂಗ್ಲಿಷಿನಲ್ಲಿ ಬೇರೂರಿತು. ದಾರಿಯಲ್ಲಿ ಕೊಲೆಯಾದವರ ಸಂಕಟವು ಕಟ್ಟುಕಥೆಯಲ್ಲ. ತೀರ್ಥಯಾತ್ರೆಗೂ ವ್ಯಾಪಾರಕ್ಕೂ ಹೋದವರು ಮನೆಗೆ ಹಿಂದಿರುಗದೆ ಹೋದದ್ದುಂಟು. ಆದರೆ ಆ ಹೆಸರಿನಿಂದ ದಂಡನೆಗೆ ಗುರಿಯಾದವರೆಲ್ಲರೂ ನಿಜವಾಗಿ ಆ ಕೆಲಸ ಮಾಡಿದವರೇ ಎಂಬ ವಿಷಯದಲ್ಲಿ ಇತಿಹಾಸಜ್ಞರೊಳಗೆ ಇಂದಿಗೂ ವಾದವಿದೆ.

ಒಂದು ಗುಂಪಿಗೆ ಅಂಟಿಸಿದ ಹೆಸರು ಅಲ್ಲಿಗೇ ನಿಲ್ಲಲಿಲ್ಲ. 1871ರಲ್ಲಿ ಬಂದ ಮತ್ತೊಂದು ಶಾಸನವು ಕುಲಕುಲಗಳನ್ನೇ ಅಪರಾಧಿಗಳೆಂದು ಪಟ್ಟಿಮಾಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಅಂತಹ ಕುಲದಲ್ಲಿ ಹುಟ್ಟಿದ ಮಗುವು ಕಣ್ಣು ಬಿಡುವ ಮೊದಲೇ ಪೊಲೀಸರ ಲೆಕ್ಕಕ್ಕೆ ಸೇರಿತು. ಸ್ವಾತಂತ್ರ್ಯವು ಬಂದ ಮೇಲೆ, 1952ರಲ್ಲಿ, ಈ ಶಾಸನವನ್ನು ರದ್ದುಮಾಡಲಾಯಿತು. ಕಾನೂನು ಹೋದರೂ ಜನರ ಬಾಯಲ್ಲಿ ಆ ಹೆಸರು ಉಳಿದುಕೊಂಡು, ಬಾಡಿಗೆಗೆ ಮನೆ ಕೇಳುವಲ್ಲಿ, ಕೆಲಸ ಕೇಳುವಲ್ಲಿ ಆ ಕುಲಗಳವರಿಗೆ ಅಡ್ಡಬರುತ್ತಿದೆಯೆಂಬುದು ಶೋಚನೀಯವಾದುದು. ಇನ್ನು ‘ಠಗ್’ ಎಂಬ ಪದವಾದರೋ 1860ರ ಭಾರತೀಯ ದಂಡಸಂಹಿತೆಯೊಳಗೆ ಸೇರಿ, ಅಲ್ಲಿ ಒಂದೂವರೆ ಶತಮಾನಕ್ಕೂ ಮಿಗಿಲಾಗಿ ಕುಳಿತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮುಗಳನ್ನು ಬಿಟ್ಟಿದ್ದಾರೆ.

ಹೀಗೆ ಠಕ್ಕನು ಕಾನೂನಿನಿಂದ ಹೊರಕ್ಕೆ ಹೋಗುವುದಕ್ಕೆ ಬಹುಕಾಲ ಮುಂಚೆಯೇ ‘ಗೂಂಡಾ’ನು ಒಳಕ್ಕೆ ಬಂದಿದ್ದನು. 1923ರಲ್ಲಿ ಬಂಗಾಳದಲ್ಲಿ ಗೂಂಡಾ ಶಾಸನವಾಯಿತು. ಕಲ್ಕತ್ತೆಯ ಬೀದಿಗಳಿಂದ ಇಂತಹವರನ್ನು ಗಡೀಪಾರುಮಾಡುವುದು ಅದರ ಉದ್ದೇಶ. 1946ರಲ್ಲಿ ಮಧ್ಯಪ್ರಾಂತ ಮತ್ತು ಬೇರಾರ್ ಸರ್ಕಾರವೂ ಇದೇ ಹೆಸರಿನ ಶಾಸನವನ್ನು ಮಾಡಿತು. ಅದರ ಪ್ರಕಾರ ಒಬ್ಬನನ್ನು ಗೂಂಡಾ ಎಂದು ಭಾವಿಸಿದ ಜಿಲ್ಲಾ ಮ್ಯಾಜಿಸ್ಟ್ರೇಟರು ಅವನಿಗೆ ಜಿಲ್ಲೆ ಬಿಟ್ಟು ಹೋಗೆಂದು ಆಜ್ಞೆ ಮಾಡಬಹುದಾಗಿತ್ತು. ಗೂಂಡಾ ಯಾರು? ಪುಂಡ, ಒರಟ, ಅಲೆಮಾರಿ ಎಂಬ ಮಾತುಗಳನ್ನು ಹೇಳಿ, ಸಾರ್ವಜನಿಕ ಶಾಂತಿಗೆ ಅಪಾಯಕಾರಿಯಾದವನನ್ನೂ ಅದಕ್ಕೆ ಸೇರಿಸಿ ಶಾಸನವು ಕೈತೊಳೆದುಕೊಂಡಿತ್ತು. ಒಂದು ಬೈಗುಳದ ಅರ್ಥವನ್ನು ಮೂರು ಬೈಗುಳಗಳಿಂದ ಹೇಳಿದಂತಾಯಿತು!

ಈ ಶಾಸನದಿಂದ ಊರು ಬಿಡಬೇಕಾಗಿ ಬಂದವನೊಬ್ಬನು ನ್ಯಾಯಾಲಯದ ಮೊರೆಹೊಕ್ಕನು. ಮೊಕದ್ದಮೆಯು ದೆಹಲಿಯ ಸುಪ್ರೀಂ ಕೋರ್ಟಿನ ಪರ್ಯಂತ ಹೋಗಿ, 1960ರಲ್ಲಿ ತೀರ್ಪಾಯಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಗಜೇಂದ್ರಗಡ್ಕರರು. ಯಾರು ಗೂಂಡಾ, ಯಾರು ಅಲ್ಲ ಎಂದು ನಿರ್ಣಯಿಸುವುದಕ್ಕೆ ಈ ವಿವರಣೆಯಿಂದ ಯಾವ ಸಹಾಯವೂ ದೊರೆಯದು. ಆ ಹೆಸರು ಹೊತ್ತವನಿಗೆ ತಾನು ಗೂಂಡಾ ಅಲ್ಲವೆಂದು ತೋರಿಸಿಕೊಳ್ಳುವ ಅವಕಾಶವನ್ನೂ ಶಾಸನವು ಕೊಟ್ಟಿಲ್ಲ. ಆದಕಾರಣ ನಾಗರಿಕನ ಸ್ವಾತಂತ್ರ್ಯವನ್ನು ಹೀಗೆ ಮೊಟಕುಮಾಡುವುದು ಸಲ್ಲದು ಎಂಬುದು ತೀರ್ಪಿನ ಸಾರಾಂಶ. ಆ ಶಾಸನದ ಮುಖ್ಯ ಕಲಮುಗಳು ಬಿದ್ದುಹೋದವು. ಒಂದು ಪದಕ್ಕೆ ಅರ್ಥ ಹೇಳಲಾರದೆ ಹೋದುದರಿಂದ ಒಂದು ಕಾನೂನೇ ಬಿದ್ದಿತೆಂದರೆ, ಪದಗಳ ವಿಚಾರವನ್ನು ಕೆಲಸವಿಲ್ಲದವರ ಹರಟೆಯೆಂದು ತಳ್ಳಿಹಾಕುವಂತಿಲ್ಲ.

ನಮ್ಮ ರಾಜ್ಯದಲ್ಲಿ ಈಗ ಜನರು ‘ಗೂಂಡಾ ಕಾಯ್ದೆ’ ಎಂದು ಕರೆಯುವುದು 1985ರ ಶಾಸನವನ್ನು. ಇದು ಅರ್ಥವನ್ನು ಎಚ್ಚರಿಕೆಯಿಂದ ಕಟ್ಟಿದೆ. ತಾನೊಬ್ಬನೇ ಆಗಲಿ, ಗುಂಪಿನ ಸದಸ್ಯನಾಗಿಯೋ ನಾಯಕನಾಗಿಯೋ ಆಗಲಿ, ದಂಡಸಂಹಿತೆಯ ಕೆಲವು ಗೊತ್ತಾದ ಅಧ್ಯಾಯಗಳಲ್ಲಿ ಹೇಳಿದ ಅಪರಾಧಗಳನ್ನು ‘ರೂಢಿಯಾಗಿ’ ಮಾಡುವವನು, ಮಾಡಲು ಯತ್ನಿಸುವವನು, ಇಲ್ಲವೆ ಅದಕ್ಕೆ ಕುಮ್ಮಕ್ಕು ಕೊಡುವವನು ಗೂಂಡಾ. ಇಲ್ಲಿ ತೂಕವೆಲ್ಲ ‘ರೂಢಿಯಾಗಿ’ ಎಂಬ ಒಂದು ಮಾತಿನ ಮೇಲೆ ನಿಂತಿದೆ. ಬಿಹಾರದ ಇಂತಹದೇ ಒಂದು ಕಾನೂನಿನಲ್ಲಿ ಈ ಮಾತು ಬಂದಿದ್ದಾಗ, 1984ರಲ್ಲಿ ಸುಪ್ರೀಂ ಕೋರ್ಟು ಅದರ ಅರ್ಥವನ್ನು ಬಿಡಿಸಿ ಹೇಳಿತು. ಬಹುಮತದ ಆ ತೀರ್ಪನ್ನು ಬರೆದವರು ಕನ್ನಡಿಗರೇ ಆದ, ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ. ಎಸ್. ವೆಂಕಟರಾಮಯ್ಯನವರು. ಒಮ್ಮೆ ಮಾಡಿದುದು ರೂಢಿಯಲ್ಲ. ಒಂದೇ ಬಗೆಯ ಕೃತ್ಯಗಳು ಮತ್ತೆ ಮತ್ತೆ ನಡೆದು, ಅವುಗಳನ್ನೆಲ್ಲ ಒಂದು ನೂಲು ಪೋಣಿಸಿದಂತೆ ಕಾಣಬೇಕು ಎಂಬುದು ಅವರ ವಿವರಣೆ. ಹೂವೊಂದು ಬಿದ್ದಿದ್ದರೆ ಅದನ್ನು ಮಾಲೆಯೆನ್ನಲಾಗದಷ್ಟೆ.

ಇಷ್ಟು ಎಚ್ಚರಿಕೆ ಏಕೆ ಬೇಕಾಯಿತೆಂದರೆ, ಈ ಕಾಯ್ದೆಯಿಂದ ಆಗತಕ್ಕ ಬಂಧನವು ಅಪರಾಧಕ್ಕೆ ಶಿಕ್ಷೆಯಲ್ಲ; ಮುಂದೆ ಅಪರಾಧ ಮಾಡಿಯಾನೆಂಬ ಮುನ್ನೆಚ್ಚರಿಕೆಯ ಬಂಧನ. ಸಾಮಾನ್ಯ ಮೊಕದ್ದಮೆಯಲ್ಲಿ ನಡೆಯುವಂತೆ ಸಾಕ್ಷಿವಿಚಾರಣೆಯಾಗಿ ತೀರ್ಪಾಗುವ ಕ್ರಮ ಇಲ್ಲಿಲ್ಲ. ಕಾರಣಗಳನ್ನು ಬಂಧಿತನಿಗೆ 5 ದಿನಗಳೊಳಗೆ ತಿಳಿಸಬೇಕು. ಸರ್ಕಾರವು 3 ವಾರಗಳಲ್ಲಿ ವಿಷಯವನ್ನು ಸಲಹಾಮಂಡಲಿಯ ಮುಂದಿಡಬೇಕು. ಮಂಡಲಿಯು ಒಪ್ಪಿದರೆ 12 ತಿಂಗಳ ಪರ್ಯಂತ ಸೆರೆಯಲ್ಲಿಡಬಹುದು. ಒಂದು ವರ್ಷವೆಂದರೆ ಮನೆಯ ಯಜಮಾನನಿಲ್ಲದ ಒಂದು ದೀಪಾವಳಿ, ಒಂದು ಯುಗಾದಿ, ಮಕ್ಕಳ ಶಾಲೆಯ ಒಂದು ಪೂರ್ಣ ತರಗತಿ. ನಿಜವಾಗಿ ಊರನ್ನು ನಡುಗಿಸಿದವನ ವಿಷಯದಲ್ಲಿ ಇದು ಅಗತ್ಯವೆಂದು ಹೇಳುವವರಿದ್ದಾರೆ. ಅವನಿಂದ ಹೆದರಿ ಅಂಗಡಿ ಮುಚ್ಚಿದವರನ್ನು ಕೇಳಿದರೆ ಅವರು ಹಾಗೆಯೇ ಹೇಳುವರು. ಅವರ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಹೆಸರು ತಪ್ಪಿ ಇನ್ನೊಬ್ಬನ ಮೇಲೆ ಬಿದ್ದರೆ ಏನಾದೀತೆಂಬುದನ್ನೂ ಅವರು ಯೋಚಿಸಬೇಕು.

ಇಲ್ಲಿ ಇನ್ನೊಂದು ಸ್ವಾರಸ್ಯವುಂಟು. 1985ರ ಶಾಸನದ ಉದ್ದನೆಯ ಹೆಸರಿನಲ್ಲಿ ಗೂಂಡಾಗಳು ಒಬ್ಬರೇ ಅಲ್ಲ. ಕಳ್ಳಭಟ್ಟಿಯವರು, ಮಾದಕದ್ರವ್ಯದ ಅಪರಾಧಿಗಳು, ಜೂಜುಕೋರರು ಮುಂತಾದವರೂ ಇದ್ದಾರೆ. 2014ರಲ್ಲಿ ಆಸಿಡ್ ಎರಚುವವರು, ಭೂಗಳ್ಳರು, ಡಿಜಿಟಲ್ ಅಪರಾಧಿಗಳು, ಹಣವನ್ನು ಅಕ್ರಮವಾಗಿ ಸಕ್ರಮಗೊಳಿಸುವವರು ಇವರನ್ನೆಲ್ಲ ಸೇರಿಸಿ ಆ ಹೆಸರನ್ನು ಮತ್ತಷ್ಟು ಉದ್ದಮಾಡಿದರು. ಅಷ್ಟುದ್ದದ ಹೆಸರನ್ನು ಯಾರು ಹೇಳಿಯಾರು? ಜನರೂ ಪತ್ರಿಕೆಗಳೂ ಎಲ್ಲವನ್ನೂ ‘ಗೂಂಡಾ ಕಾಯ್ದೆ’ ಎಂಬ ಎರಡೇ ಮಾತುಗಳಲ್ಲಿ ಮುಗಿಸಿಬಿಟ್ಟರು. ಕಾನೂನಿನ ಒಳಗೆ ಗೂಂಡಾ ಎಂಬುದು ಹಲವರಲ್ಲಿ ಒಬ್ಬನ ಹೆಸರು. ಬೀದಿಯ ಮಾತಿನಲ್ಲಿ ಎಲ್ಲರಿಗೂ ಅದೇ ಹೆಸರು. ಆದ್ದರಿಂದ ‘ಗೂಂಡಾ ಕಾಯ್ದೆಯ ಪ್ರಕಾರ ಬಂಧನ’ ಎಂಬ ತಲೆಬರಹವನ್ನು ಓದಿದೊಡನೆ, ಹಿಡಿಯಲ್ಪಟ್ಟವನು ಮಚ್ಚು ಹಿಡಿದು ಬೀದಿಯಲ್ಲಿ ನಿಂತವನೆಂದು ತಿಳಿಯಬೇಕಾದುದಿಲ್ಲ.

ಇನ್ನು ಗೃಹಸ್ಥರಾದ ನಮಗೆ ಇದರಿಂದ ತಿಳಿಯತಕ್ಕುದೇನು? ಕಾನೂನು ಎರಡು ಬಾರಿ ಕಲಿತ ಪಾಠವನ್ನು ನಾವು ಒಂದು ಬಾರಿಯಾದರೂ ಕಲಿಯಬಹುದು. ಒಬ್ಬನನ್ನು ಗೂಂಡಾ ಎನ್ನುವುದಕ್ಕೆ ಮುಂಚೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಅವನು ಮಾಡಿದುದೇನು? ಅದು ನಮಗೆ ಹೇಗೆ ತಿಳಿಯಿತು? ಅದನ್ನು ಅವನು ಮತ್ತೆ ಮತ್ತೆ ಮಾಡಿದ್ದಾನೆಯೇ? ಮೊದಲನೆಯದಕ್ಕೆ ಉತ್ತರವಿದ್ದರೆ ಆ ಕೆಲಸದ ಹೆಸರನ್ನೇ ಹೇಳಬಹುದು. ‘ಕೂಲಿ ಕೊಡದೆ ಹೊಡೆದನು’, ‘ಅಂಗಡಿಯವನಿಂದ ಹೆದರಿಸಿ ಹಣ ಕಿತ್ತನು’ ಎಂದರೆ ಕೇಳಿದವರಿಗೆ ಗೂಂಡಾ ಎಂದುದಕ್ಕಿಂತ ಹೆಚ್ಚು ತಿಳಿಯುತ್ತದೆ. ಠಾಣೆಯಲ್ಲಿ ದೂರು ಬರೆದುಕೊಳ್ಳುವವರಿಗೂ ಬೇಕಾದುದು ಅದೇ. ಎರಡನೆಯದಕ್ಕೆ ‘ಯಾರೋ ಹೇಳಿದರು’ ಎಂಬುದೇ ಉತ್ತರವಾದರೆ ಬಾಯಿ ಮುಚ್ಚಿಕೊಂಡಿರುವುದು ಕ್ಷೇಮ. ನಮಗೆ ಸರಿಬೀಳದ ವೇಷ, ಕೇಶ, ಭಾಷೆ, ಕೇರಿ ಇವು ಯಾವುವೂ ಸಾಕ್ಷ್ಯಗಳಲ್ಲ. ಮುಷ್ಕರದಲ್ಲಿ ಕೂಗುವ ಕೂಲಿಯವನೂ ಸಭೆಯಲ್ಲಿ ಎದ್ದು ಪ್ರಶ್ನೆ ಹಾಕುವ ವಿದ್ಯಾರ್ಥಿಯೂ ನಮಗೆ ತೊಂದರೆಯೆನಿಸಬಹುದು, ತೊಂದರೆಯೆಲ್ಲವೂ ಗೂಂಡಾಗಿರಿಯಲ್ಲ.

ಇದರ ಎದುರಿಗಿನ ದೋಷವೂ ನಮ್ಮಲ್ಲಿದೆ; ಅದನ್ನು ಹೇಳದಿದ್ದರೆ ಈ ಲೇಖನವು ಒಂದು ಕಣ್ಣಿನದಾದೀತು. ಹಗುರವಾದ ತಪ್ಪಿಗೆ ಭಾರವಾದ ಹೆಸರನ್ನಿಡುವಂತೆಯೇ, ಭಾರವಾದ ತಪ್ಪಿಗೆ ಹಗುರವಾದ ಹೆಸರನ್ನಿಡುವುದೂ ಉಂಟು. ಶಾಲೆಗೆ ಹೋಗುವ ಹೆಣ್ಣುಮಗಳನ್ನು ದಿನವೂ ಹಿಂಬಾಲಿಸಿ ಕಾಡುವವನನ್ನು ‘ಚುಡಾಯಿಸುತ್ತಾನೆ’ ಎನ್ನುತ್ತೇವೆ. ‘ಹುಡುಗಾಟ, ವಯಸ್ಸಿನ ತುಂಟತನ’ ಎಂದು ನಗುತ್ತೇವೆ. ಆ ಮಗಳು ಹೆದರಿ ಓದನ್ನೇ ಬಿಟ್ಟರೆ ನಗುವವರು ಯಾರು? ಹೀಗೆ ಬೆನ್ನುಹತ್ತಿ ಕಾಡುವುದನ್ನು 2013ರಲ್ಲಿಯೇ ದಂಡಸಂಹಿತೆಯಲ್ಲಿ ಪ್ರತ್ಯೇಕ ಅಪರಾಧವನ್ನಾಗಿ ಮಾಡಲಾಯಿತು. ಹೊಸ ಸಂಹಿತೆಯಲ್ಲಿಯೂ ಅದು ಹಾಗೆಯೇ ಇದೆ. ಕಾನೂನು ಅಪರಾಧವೆಂದುದನ್ನು ಮನೆಯ ಮಾತು ಆಟವೆನ್ನುತ್ತಿದ್ದರೆ, ದೂರು ಹೇಳಬೇಕಾದ ಮಗಳ ಬಾಯಿಯೇ ಕಟ್ಟಿಹೋಗುವುದು. ಬೇರೆ ಕೇರಿಯ ಬಡವನ ಮಗನು ಮಾಡಿದರೆ ಗೂಂಡಾಗಿರಿ, ನಮ್ಮ ಮನೆಯ ಮಗನು ಮಾಡಿದರೆ ತುಂಟತನ ಎಂಬ ಎರಡು ತಕ್ಕಡಿಗಳನ್ನು ಇಟ್ಟುಕೊಂಡವರು ಇಬ್ಬರು ಮಕ್ಕಳಿಗೂ ಕೇಡು ಮಾಡುತ್ತಾರೆ.

ಮಕ್ಕಳ ವಿಷಯದಲ್ಲಂತೂ ಈ ಪದವನ್ನು ಪೂರ್ಣವಾಗಿ ಬಿಡುವುದೇ ಲೇಸು. ಹುಡುಗನು ಪಕ್ಕದ ಮನೆಯ ಕಿಟಕಿಯ ಗಾಜನ್ನು ಒಡೆದರೆ, ಗಾಜು ಒಡೆದುದು ತಪ್ಪೆಂದು ಹೇಳಿ, ನೆರೆಯವರ ಮುಂದೆ ನಿಲ್ಲಿಸಿ ತಪ್ಪಾಯಿತೆನ್ನಿಸಿ, ಹೊಸ ಗಾಜಿನ ಬೆಲೆಯಲ್ಲಿ ಕೆಲವು ಕಾಸನ್ನಾದರೂ ಅವನ ಹುಂಡಿಯಿಂದ ತೆಗೆಯಿಸಿದರೆ ಸಾಕು. ಆ ತಪ್ಪು ಅಲ್ಲಿಗೆ ಮುಗಿಯಿತು. ‘ನೀನು ಗೂಂಡಾ ಆಗಿಬಿಟ್ಟೆ’ ಎಂದರೆ ಮುಗಿಯುವುದಿಲ್ಲ. ದಿನವೂ ಕೇಳಿದ ಹೆಸರಿಗೆ ಮಗುವು ಒಂದು ದಿನ ‘ಹೌದು’ ಎಂದೀತು. ಒಳ್ಳೆಯವನೆನ್ನಿಸಿಕೊಳ್ಳುವ ಆಸೆ ಹೋದ ಮೇಲೆ, ಹೆದರಿಸಬಲ್ಲವನೆನ್ನಿಸಿಕೊಳ್ಳುವ ಆಸೆ ಆ ಜಾಗದಲ್ಲಿ ಬಂದು ಕೂರುವುದು ಆಶ್ಚರ್ಯವೇನಲ್ಲ. ಈಗಿನ ಚಲಚ್ಚಿತ್ರಗಳಲ್ಲಿ ಇಂತಹವನೇ ನಾಯಕನಾಗಿ ಮೆರೆಯುವುದನ್ನು ಕಾಣುವ ಹುಡುಗರಿಗೆ ಆ ಹೆಸರು ಬೈಗುಳದ ಬದಲು ಬಿರುದಾಗಿಯೇ ಕೇಳಬಹುದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ನಮ್ಮೆಲ್ಲರಿಗೂ ಗೊತ್ತು. ಗೂಂಡಾ ಎಂಬ ಮಾತನ್ನು ನಿಘಂಟಿನಿಂದ ತೆಗೆದುಹಾಕಬೇಕೆಂದು ನಾವು ಹೇಳುವವರಲ್ಲ. ಜನರನ್ನು ಹೆದರಿಸಿ ಬಾಳುವುದನ್ನೇ ಕಸುಬು ಮಾಡಿಕೊಂಡವನು ಇರುವವರೆಗೂ ಅವನಿಗೊಂದು ಹೆಸರು ಬೇಕೇ ಬೇಕು. ಅವನನ್ನು ಆ ಹೆಸರಿನಿಂದಲೇ ಕರೆಯುವ ಧೈರ್ಯವೂ ನಾಗರಿಕರಿಗೆ ಬೇಕು. ಆದರೆ ಆ ಹೆಸರನ್ನು ಅವನಿಗಾಗಿಯೇ ಕಾಪಾಡಿಡೋಣ. ಉಳಿದೆಡೆಗಳಲ್ಲಿ, ತಂತಿಯಿಂದ ಕದ್ದವನನ್ನು ತಂತಿ ಕಳ್ಳನೆಂದಷ್ಟೇ ಹೇಳಿ ನಿಲ್ಲಿಸಿದ ನಮ್ಮ ಹಿರಿಯರಂತೆ, ಕಂಡ ಕೆಲಸವನ್ನು ಕಂಡಷ್ಟೇ ಹೇಳಿ ಸುಮ್ಮನಾಗುವುದು ನಮಗೂ ಸಾಕು.